ಕ್ರಿಪ್ಟೊ ವಿನಿಮಯ ಕೇಂದ್ರಗಳ ತೆರಿಗೆ ವರದಿ: ವಹಿವಾಟಿನ ಕ್ಷಣದಿಂದ ತ್ರೈಮಾಸಿಕ ವಿವರಪಟ್ಟಿಯವರೆಗೆ

ಕ್ರಿಪ್ಟೊ ವಹಿವಾಟಿನ ಮೇಲಿನ ಶೇಕಡಾ 1ರ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮೂಲದಲ್ಲಿ ಕಡಿತವಾಗುವ ತೆರಿಗೆ, ಜಾರಿಗೆ ಬಂದದ್ದು 2022ರ ಜುಲೈ 1ರಂದು. ಅಂಧೇರಿಯಲ್ಲಿ ಕಚೇರಿಯನ್ನೂ ಪುಣೆಯಲ್ಲಿ ತಂತ್ರಾಂಶ ತಂಡವನ್ನೂ ಇಟ್ಟುಕೊಂಡಿದ್ದ ಒಂದು ಸಣ್ಣ ವಿನಿಮಯ ಕೇಂದ್ರದ ಲೆಕ್ಕಪತ್ರ ನೋಡಿಕೊಳ್ಳುವ ಹೊಣೆ ಆಗ ನನ್ನ ಮೇಲಿತ್ತು. ಆಗಸ್ಟ್ 7ರೊಳಗೆ ಮೊದಲ ಚಲನ್ ಕಟ್ಟಬೇಕಿತ್ತು. ಅದಕ್ಕೂ ಮೊದಲು ತಾಳೆ ನೋಡಲು ಕುಳಿತಾಗ, ಜುಲೈ 1ರ ಬೆಳಗಿನ ಜಾವದ ಐದೂವರೆ ಗಂಟೆಗಳ ವಹಿವಾಟಿನಲ್ಲಿ ಒಂದು ಪೈಸೆಯೂ ಕಡಿತವಾಗಿರಲಿಲ್ಲ. ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಕಂಡುಬಂದ ಮೇಲೆ ನಗು ಬಂತು. ಸರ್ವರಿನ ಗಡಿಯಾರ ಗ್ರೀನಿಚ್ ಕಾಲಮಾನದಲ್ಲಿತ್ತು, ಮುಂಬೈಯಲ್ಲಿ ಬೆಳಿಗ್ಗೆ ಐದೂವರೆಯಾದಾಗಷ್ಟೇ ಅದರ ಪಾಲಿಗೆ ಜುಲೈ ತಿಂಗಳು ಹುಟ್ಟಿತ್ತು. ಅಷ್ಟರಲ್ಲಿ ಗ್ರಾಹಕರು ಮಾರಿದ ಹಣವನ್ನು ಬ್ಯಾಂಕಿಗೆ ಎಳೆದುಕೊಂಡಾಗಿತ್ತು. ಕಡಿತ ಮಾಡದ ತೆರಿಗೆಯನ್ನೂ ಅದರ ಬಡ್ಡಿಯನ್ನೂ ಸಂಸ್ಥೆ ತನ್ನ ಕೈಯಿಂದಲೇ ಕಟ್ಟಿತು.

ಈ ಮಾರ್ಗದರ್ಶಿಯಲ್ಲಿ ನಾನು ಹೇಳಬೇಕೆಂದಿರುವ ಮಾತು ಆ ಎರಡು ದಿನಗಳಲ್ಲಿ ಕಲಿತದ್ದು. ವಿನಿಮಯ ಕೇಂದ್ರದ ತೆರಿಗೆ ವರದಿಯಲ್ಲಿ ಕಾಣುವ ಪ್ರತಿಯೊಂದು ಅಂಕಿಯೂ ವಹಿವಾಟು ನಡೆದ ಕ್ಷಣದಲ್ಲೇ ಸರಿಯಾಗಿ ದಾಖಲಾಗಿರಬೇಕು. ತ್ರೈಮಾಸಿಕದ ಕೊನೆಯಲ್ಲಿ ಎಕ್ಸೆಲ್ ಹಾಳೆ ಹರಡಿಕೊಂಡು ಅದನ್ನು ಹುಟ್ಟಿಸಲು ಬರುವುದಿಲ್ಲ. ಮುಂಬೈ, ಪುಣೆ, ಪಣಜಿಗಳ ಫಿನ್‌ಟೆಕ್ ಕಚೇರಿಗಳಲ್ಲಿ ಲೆಕ್ಕಪತ್ರ ಮತ್ತು ಅನುಸರಣೆಯ ಕೆಲಸಕ್ಕೆ ಸೇರುತ್ತಿರುವ ಕನ್ನಡದ ಹುಡುಗ ಹುಡುಗಿಯರು ಕೇಳುವ ಪ್ರಶ್ನೆಗಳನ್ನೇ ಎದುರಿಗಿಟ್ಟುಕೊಂಡು, ಕೆಲಸ ನಡೆಯುವ ಕ್ರಮದಲ್ಲಿ ಇದನ್ನು ಬರೆದಿದ್ದೇನೆ.

ಹಂತ 1: ಕಾನೂನಿನ ಕಣ್ಣಿನಲ್ಲಿ ನೀವು ಯಾರು ಎಂಬುದನ್ನು ನಿರ್ಧರಿಸಿ

2022ರ ಹಣಕಾಸು ಕಾಯ್ದೆಯು 1961ರ ಆದಾಯ ತೆರಿಗೆ ಕಾಯ್ದೆಗೆ ಮೂರು ಮುಖ್ಯ ಸಂಗತಿಗಳನ್ನು ಸೇರಿಸಿತು. ಸೆಕ್ಷನ್ 2(47ಎ) ವರ್ಚುವಲ್ ಡಿಜಿಟಲ್ ಆಸ್ತಿ, ಅಂದರೆ ವಿಡಿಎ, ಎಂದರೇನು ಎಂದು ಹೇಳುತ್ತದೆ. ಸೆಕ್ಷನ್ 115ಬಿಬಿಎಚ್ ಅದರ ವರ್ಗಾವಣೆಯಿಂದ ಬಂದ ಆದಾಯಕ್ಕೆ ಶೇಕಡಾ 30ರ ತೆರಿಗೆ ಹಾಕುತ್ತದೆ. ಸೆಕ್ಷನ್ 194ಎಸ್ ಮೂಲದಲ್ಲೇ ಶೇಕಡಾ 1ರ ಕಡಿತವನ್ನು ವಿಧಿಸುತ್ತದೆ. ಇವುಗಳಲ್ಲಿ ಶೇಕಡಾ 30ರ ತೆರಿಗೆ ಗ್ರಾಹಕನ ಸ್ವಂತ ಜವಾಬ್ದಾರಿ, ಅದನ್ನು ಕಡಿತ ಮಾಡುವ ಗೊಡವೆ ವಿನಿಮಯ ಕೇಂದ್ರಕ್ಕಿಲ್ಲ. ಕೇಂದ್ರದ ತಲೆಯ ಮೇಲೆ ಕೂತಿರುವುದು 194ಎಸ್. 1ರಿಂದ 7ನೇ ಹಂತದವರೆಗೆ ಬರುವ ಆದಾಯ ತೆರಿಗೆಯ ಸೆಕ್ಷನ್ ಮತ್ತು ನಮೂನೆ ಸಂಖ್ಯೆಗಳು ಈ 1961ರ ಕಾಯ್ದೆಯವು, 2026ರ ಮಾರ್ಚ್ 31ರವರೆಗಿನ ವಹಿವಾಟಿಗೆ ಅನ್ವಯವಾಗುವಂಥವು; ನಂತರದ ಹೊಸ ಕಾಯ್ದೆಯ ಮಾತು 9ನೇ ಹಂತದಲ್ಲಿದೆ.

ಕೇಂದ್ರೀಯ ನೇರ ತೆರಿಗೆ ಮಂಡಳಿ 2022ರ ಜೂನ್ 22ರಂದು ಹೊರಡಿಸಿದ 13ನೇ ಸಂಖ್ಯೆಯ ಸುತ್ತೋಲೆ ಈ ಕ್ಷೇತ್ರದ ಪ್ರತಿಯೊಬ್ಬರೂ ಮೇಜಿನ ಮೇಲೆ ಇಟ್ಟುಕೊಳ್ಳಬೇಕಾದ ಪತ್ರ. ಕೊಳ್ಳುವ ಮತ್ತು ಮಾರುವ ಆದೇಶಗಳನ್ನು ಹೊಂದಿಸಿ, ತನ್ನ ವೇದಿಕೆಯಲ್ಲೇ ವಹಿವಾಟು ಮುಗಿಸುವವರನ್ನು ಅದು ವಿನಿಮಯ ಕೇಂದ್ರ ಎನ್ನುತ್ತದೆ. ಇಂಥ ಕೇಂದ್ರದಲ್ಲಿ ಖಾತೆ ಇಟ್ಟುಕೊಂಡು ತನ್ನ ಗ್ರಾಹಕರ ಪರವಾಗಿ ವಹಿವಾಟು ನಡೆಸುವ ವೇದಿಕೆಯನ್ನು ಬ್ರೋಕರ್ ಎನ್ನುತ್ತದೆ. ಹಲವು ಹೊಸ ಆ್ಯಪ್‌ಗಳು ತಮ್ಮನ್ನು ಎಕ್ಸ್‌ಚೇಂಜ್ ಎಂದು ಕರೆದುಕೊಂಡರೂ ವಾಸ್ತವದಲ್ಲಿ ಬ್ರೋಕರ್‌ಗಳೇ. ಈ ವ್ಯತ್ಯಾಸವನ್ನು ಮಾರುಕಟ್ಟೆ ವಿಭಾಗದ ಕರಪತ್ರ ನೋಡಿ ತೀರ್ಮಾನಿಸಬೇಡಿ. ಆದೇಶ ಎಲ್ಲಿ ಹೊಂದಾಣಿಕೆಯಾಗುತ್ತದೆ, ಮಾರಿದವನಿಗೆ ಹಣ ಯಾರ ಖಾತೆಯಿಂದ ಹೋಗುತ್ತದೆ ಎಂಬುದನ್ನು ತಂತ್ರಾಂಶ ತಂಡದವರ ಪಕ್ಕದಲ್ಲಿ ಕುಳಿತು ನೋಡಿ. ಮಧ್ಯೆ ಬ್ರೋಕರ್ ಇದ್ದು, ಮಾರುತ್ತಿರುವ ಆಸ್ತಿ ಅವನದಲ್ಲದಿದ್ದರೆ, ಕಡಿತದ ಹೊಣೆ ಕೇಂದ್ರ ಮತ್ತು ಬ್ರೋಕರ್ ಇಬ್ಬರ ಮೇಲೂ ಬೀಳುತ್ತದೆ. ಬ್ರೋಕರ್ ಒಬ್ಬನೇ ಕಡಿತ ಮಾಡುತ್ತಾನೆಂಬ ಲಿಖಿತ ಒಪ್ಪಂದವಿದ್ದಾಗ ಮಾತ್ರ ಈ ಇಬ್ಬರ ಹೊಣೆ ಒಬ್ಬನದಾಗುತ್ತದೆ. ಫೋನಿನಲ್ಲಿ ಆದ ಮಾತುಕತೆಗೆ ಇಲ್ಲಿ ಬೆಲೆಯಿಲ್ಲ.

ಯಾವುದು ವಿಡಿಎ, ಯಾವುದು ಅಲ್ಲ ಎಂಬ ಪಟ್ಟಿಯನ್ನೂ ಇದೇ ಹಂತದಲ್ಲಿ ಸಿದ್ಧಪಡಿಸಿಕೊಳ್ಳಿ. ಉಡುಗೊರೆ ಕಾರ್ಡು, ವೋಚರ್, ರಿವಾರ್ಡ್ ಪಾಯಿಂಟು, ವಿಮಾನ ಪ್ರಯಾಣದ ಮೈಲೇಜ್ ಪಾಯಿಂಟು, ಜಾಲತಾಣಗಳ ಚಂದಾ ಇವು ವಿಡಿಎ ಅಲ್ಲವೆಂದು 2022ರ ಜೂನ್ 30ರ ಅಧಿಸೂಚನೆ ಹೇಳಿದೆ. ಎನ್‌ಎಫ್‌ಟಿಗಳು, ಅಂದರೆ ಒಂದರಂತೆ ಇನ್ನೊಂದಿಲ್ಲದ ಡಿಜಿಟಲ್ ಟೋಕನ್ನುಗಳು, ವಿಡಿಎಗಳೇ, ಆದರೆ ಅದರ ವರ್ಗಾವಣೆಯ ಜೊತೆಗೆ ಒಂದು ಭೌತಿಕ ವಸ್ತುವಿನ ಕಾನೂನುಬದ್ಧ ಒಡೆತನವೂ ಕೈ ಬದಲಾಗುವುದಾದರೆ ಅದು ಈ ವ್ಯಾಖ್ಯೆಯ ಹೊರಗೆ ಉಳಿಯುತ್ತದೆ. ನಿಮ್ಮ ವೇದಿಕೆಯಲ್ಲಿ ಪಟ್ಟಿಯಾದ ಪ್ರತಿ ಟೋಕನ್ನಿಗೂ (ಕ್ರಿಪ್ಟೊ ಘಟಕಕ್ಕೂ) ಈ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ದಿನಾಂಕ ಸಹಿತ ಬರೆದಿಡಿ.

ತೆರಿಗೆ ಕಡಿತ ಮಾಡುವವರಿಗೆ ಇಲಾಖೆ ಕೊಡುವ ಟ್ಯಾನ್ ಸಂಖ್ಯೆ, ಜಿಎಸ್‌ಟಿ ನೋಂದಣಿ, ಆರ್ಥಿಕ ಗುಪ್ತಚರ ಘಟಕದಲ್ಲಿ ನೋಂದಣಿ ಈ ಮೂರೂ ವಹಿವಾಟು ಆರಂಭಿಸುವ ಮೊದಲೇ ಇರಬೇಕು. ಗೋವಾದಲ್ಲಿ ಕಚೇರಿ ತೆರೆಯುವವರಿಗೆ ಒಂದು ಸಣ್ಣ ಮಾತು: ಆದಾಯ ತೆರಿಗೆ ಇಲಾಖೆಯ ಆಡಳಿತದಲ್ಲಿ ಗೋವಾ ಸೇರಿರುವುದು ಮುಂಬೈಗಲ್ಲ, ಕರ್ನಾಟಕ ಮತ್ತು ಗೋವಾ ವಲಯಕ್ಕೆ. ಪಣಜಿಯ ಆಡಳಿತದ ಸರಣಿ ಬೆಂಗಳೂರಿನ ಪ್ರಧಾನ ಮುಖ್ಯ ಆಯುಕ್ತರ ಕಡೆಗೆ ಸಾಗುತ್ತದೆ ಎಂದು ಕೇಳಿ ಮುಂಬೈಯ ಸಹೋದ್ಯೋಗಿಗಳು ಆಶ್ಚರ್ಯಪಡುವುದನ್ನು ನಾನು ಹಲವು ಸಲ ನೋಡಿದ್ದೇನೆ.

ಹಂತ 2: ಗ್ರಾಹಕನ ದಾಖಲೆಯಲ್ಲಿ ತೆರಿಗೆಗೆ ಬೇಕಾದ ಕಾಲಂಗಳನ್ನು ಸೇರಿಸಿ

ಕೆವೈಸಿ ಎಂದರೆ ಪ್ಯಾನ್ ಮತ್ತು ಆಧಾರ್ ಪ್ರತಿ ಪಡೆದು ಕಡತಕ್ಕೆ ಸೇರಿಸುವುದು ಎಂಬ ಭಾವನೆ ಇನ್ನೂ ಹೋಗಿಲ್ಲ. ತೆರಿಗೆ ವರದಿಗೆ ಬೇಕಾದದ್ದು ಅದಕ್ಕಿಂತ ಹೆಚ್ಚು. ಪ್ಯಾನ್ ಸಂಖ್ಯೆ ಇದೆಯೋ ಎಂಬುದರ ಜೊತೆಗೆ ಅದು ಇಂದು ಚಾಲ್ತಿಯಲ್ಲಿದೆಯೋ ಎಂಬುದನ್ನೂ ನೋಡಬೇಕು, ಏಕೆಂದರೆ ಆಧಾರ್ ಜೋಡಣೆಯಾಗದೆ ನಿಷ್ಕ್ರಿಯವಾದ ಪ್ಯಾನ್ ಇಲ್ಲದ ಪ್ಯಾನಿಗೆ ಸಮ. ಅಂಥವರ ಮೇಲೆ ಸೆಕ್ಷನ್ 206ಎಎ ಅನ್ವಯ ಶೇಕಡಾ 1ರ ಬದಲು ಶೇಕಡಾ 20 ಕಡಿತವಾಗಬೇಕು. ಖಾತೆ ತೆರೆದ ದಿನ ಸರಿಯಾಗಿದ್ದ ಪ್ಯಾನ್ ಎರಡು ವರ್ಷಗಳ ನಂತರ ನಿಷ್ಕ್ರಿಯವಾಗಿರಬಹುದು. ಆದ್ದರಿಂದ ಈ ಪರಿಶೀಲನೆ ನಿಯಮಿತವಾಗಿ ನಡೆಯುವಂತೆ ಮಾಡಿ.

ಎರಡನೆಯ ಕಾಲಂ ನಿವಾಸದ ಸ್ಥಿತಿ. 194ಎಸ್ ಅನ್ವಯವಾಗುವುದು ಭಾರತದ ನಿವಾಸಿಗಳಿಗೆ ಕೊಡುವ ಹಣಕ್ಕೆ ಮಾತ್ರ. ಅನಿವಾಸಿಗಳ ವಿಷಯ ಸೆಕ್ಷನ್ 195ಕ್ಕೆ ಹೋಗುತ್ತದೆ, ಅಲ್ಲಿನ ದರವೂ ವಿಧಾನವೂ ಬೇರೆ. ಮಂಗಳೂರು, ಉಡುಪಿ, ಗೋವಾ ಕಡೆಯ ಎಷ್ಟೋ ಗ್ರಾಹಕರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತ, ಊರಿನ ವಿಳಾಸ ಮತ್ತು ಊರಿನ ಮೊಬೈಲ್ ಸಂಖ್ಯೆಯಲ್ಲೇ ಖಾತೆ ನಡೆಸುತ್ತಾರೆ. ವಿಳಾಸ ನೋಡಿ ಅವರನ್ನು ನಿವಾಸಿಗಳೆಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಪ್ರತಿ ವರ್ಷ ಸ್ವಯಂ ಘೋಷಣೆ ಪಡೆಯುವುದೇ ಸರಿಯಾದ ದಾರಿ.

ಮಿತಿಗಳ ಬಗ್ಗೆ ಗೊಂದಲ ಸಾಮಾನ್ಯ. ವ್ಯಾಪಾರ ಅಥವಾ ವೃತ್ತಿಯಿಂದ ಆದಾಯವಿಲ್ಲದ ವ್ಯಕ್ತಿ ಅಥವಾ ಅವಿಭಕ್ತ ಕುಟುಂಬ, ಇಲ್ಲವೇ ಹಿಂದಿನ ವರ್ಷದ ವ್ಯಾಪಾರದ ವಹಿವಾಟು 1 ಕೋಟಿ ಅಥವಾ ವೃತ್ತಿಯ ಗಳಿಕೆ 50 ಲಕ್ಷ ರೂಪಾಯಿ ದಾಟದವರು ಹಣ ಕೊಡುವವರಾಗಿದ್ದರೆ ವರ್ಷಕ್ಕೆ 50,000 ರೂಪಾಯಿಯವರೆಗೆ ಕಡಿತವಿಲ್ಲ. ಉಳಿದವರ ಮಟ್ಟಿಗೆ ಈ ಮಿತಿ 10,000 ರೂಪಾಯಿ. ಹಲವು ಕೇಂದ್ರಗಳು ಈ ಲೆಕ್ಕದ ಗೋಜಿಗೆ ಹೋಗದೆ ಮೊದಲ ರೂಪಾಯಿಯಿಂದಲೇ ಕಡಿತ ಮಾಡುತ್ತವೆ. ಮಿತಿ ದಾಟಿದ ಕ್ಷಣವನ್ನು ಹಿಡಿಯುವ ತಂತ್ರಾಂಶ ತಪ್ಪಿದರೆ ಆಗುವ ನಷ್ಟಕ್ಕೆ ಹೋಲಿಸಿದರೆ, ಸಣ್ಣ ಗ್ರಾಹಕ ರಿಟರ್ನ್ ಸಲ್ಲಿಸಿ ಹಣ ವಾಪಸ್ ಪಡೆಯುವ ತೊಂದರೆ ಕಡಿಮೆಯೇ. ನನ್ನ ಅಭಿಪ್ರಾಯವೂ ಅದೇ, ಆದರೆ ಹಾಗೆ ಮಾಡುವುದನ್ನು ಗ್ರಾಹಕರ ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿರಬೇಕು.

ಹಂತ 3: ವಹಿವಾಟಿನ ಕ್ಷಣದಲ್ಲೇ ಕಡಿತ ಮಾಡಿ

ರೂಪಾಯಿಗೆ ಮಾರುವ ಸರಳ ವಹಿವಾಟಿನಿಂದ ಆರಂಭಿಸೋಣ. ಒಬ್ಬ ಗ್ರಾಹಕ 1,00,000 ರೂಪಾಯಿಗೆ ಬಿಟ್‌ಕಾಯಿನ್ ಮಾರಿದ. ನಿಮ್ಮ ಶುಲ್ಕ 200 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 36 ರೂಪಾಯಿ. ಕಡಿತ ಮಾಡುವವನು ತನ್ನ ಸೇವೆಗೆ ಪಡೆಯುವ ಶುಲ್ಕವನ್ನೂ ಜಿಎಸ್‌ಟಿಯನ್ನೂ ಬಿಟ್ಟು ಉಳಿದ ನಿವ್ವಳ ಮೊತ್ತದ ಮೇಲೆ ಟಿಡಿಎಸ್ ಲೆಕ್ಕ ಹಾಕಬೇಕೆಂದು ಸುತ್ತೋಲೆ ಹೇಳುತ್ತದೆ. ಅಂದರೆ 99,764 ರೂಪಾಯಿಯ ಶೇಕಡಾ 1, 997 ರೂಪಾಯಿ 64 ಪೈಸೆ. ಒಟ್ಟು ಮೊತ್ತದ ಮೇಲೆ 1,000 ರೂಪಾಯಿ ಹಿಡಿದುಕೊಂಡರೆ ಇಲಾಖೆಗೆ ನಷ್ಟವೇನೂ ಇಲ್ಲ, ಆದರೆ ದಿನಕ್ಕೆ ನೂರಾರು ಸಲ ಕೊಳ್ಳುವ ಮಾರುವ ಗ್ರಾಹಕ ಈ ಎರಡು ಚಿಲ್ಲರೆ ರೂಪಾಯಿಗಳನ್ನು ಒಟ್ಟುಗೂಡಿಸಿಕೊಂಡು ಬಂದು ಕೇಳುವ ದಿನ ಬಂದೇ ಬರುತ್ತದೆ.

ಕ್ರಿಪ್ಟೊ ಕೊಟ್ಟು ಕ್ರಿಪ್ಟೊ ಪಡೆಯುವ ವಹಿವಾಟು ಇನ್ನೂ ಸೂಕ್ಷ್ಮ. ಒಬ್ಬ ಈಥರ್ ಕೊಟ್ಟು ಸೊಲಾನ ಪಡೆದರೆ ಅಲ್ಲಿ ಇಬ್ಬರೂ ಮಾರಾಟಗಾರರು, ಇಬ್ಬರೂ ಖರೀದಿದಾರರು. ಆದ್ದರಿಂದ ಎರಡೂ ಕಡೆ ಶೇಕಡಾ 1 ಕಡಿತವಾಗಬೇಕು. ರೂಪಾಯಿಯೇ ಇಲ್ಲದ ಕಡೆ ತೆರಿಗೆಯನ್ನು ಯಾವುದರಲ್ಲಿ ಹಿಡಿಯುವುದು? ಅದೇ ಟೋಕನ್ನಿನಲ್ಲಿ ಹಿಡಿದುಕೊಳ್ಳಲು ಸುತ್ತೋಲೆ ಅವಕಾಶ ಕೊಟ್ಟಿದೆ. ಹೀಗೆ ಹಿಡಿದ ಟೋಕನ್ನನ್ನು, ರೂಪಾಯಿಗೆ ಸುಲಭವಾಗಿ ಬದಲಾಗುವ ಬಿಟ್‌ಕಾಯಿನ್, ಈಥರ್, ಯುಎಸ್‌ಡಿಟಿ ಅಥವಾ ಯುಎಸ್‌ಡಿಸಿಯಂಥ ಪ್ರಧಾನ ಆಸ್ತಿಗೆ ತಕ್ಷಣ ಪರಿವರ್ತಿಸಬೇಕು. ನಮ್ಮ ಉದಾಹರಣೆಯಲ್ಲಿ ಈಥರ್ ಈಗಾಗಲೇ ಪ್ರಧಾನ ಆಸ್ತಿ, ಸೊಲಾನವನ್ನು ಮಾತ್ರ ಬದಲಿಸಬೇಕು. ದಿನವಿಡೀ ಸೇರಿದ ಪ್ರಧಾನ ಆಸ್ತಿಯನ್ನು ಮಧ್ಯರಾತ್ರಿ 00:00 ಗಂಟೆಗೆ ಮಾರುಕಟ್ಟೆ ದರದ ಆದೇಶದ ಮೂಲಕ ರೂಪಾಯಿಯಾಗಿಸಬೇಕು. ಈ ಪರಿವರ್ತನೆಯ ಮೇಲೆ ಮತ್ತೆ ಟಿಡಿಎಸ್ ಇಲ್ಲ, ಇದ್ದಿದ್ದರೆ ತೆರಿಗೆಯ ಮೇಲೆ ತೆರಿಗೆ ಬೆಳೆಯುತ್ತಲೇ ಹೋಗುತ್ತಿತ್ತು.

ಇಲ್ಲಿ ಎರಡು ಜಾಗಗಳಲ್ಲಿ ಕೇಂದ್ರಗಳು ಎಡವುತ್ತವೆ. ಮೊದಲನೆಯದು, ಹಿಡಿದ ಟೋಕನ್ನುಗಳನ್ನು ಸಂಸ್ಥೆಯ ಸ್ವಂತ ವಾಲೆಟ್ಟಿನಲ್ಲೇ ಇಡುವುದು. ತೆರಿಗೆಯ ಟೋಕನ್ನುಗಳಿಗೆ ಪ್ರತ್ಯೇಕ ವಾಲೆಟ್ ಇರಲಿ, ಅದರಿಂದ ಪರಿವರ್ತನೆಯ ಆದೇಶವೊಂದನ್ನು ಬಿಟ್ಟು ಬೇರಾವ ಚಲನೆಯೂ ಆಗದಂತೆ ತಂತ್ರಾಂಶದಲ್ಲೇ ಬೀಗ ಹಾಕಿಸಿ. ಮಧ್ಯರಾತ್ರಿಯ ಆದೇಶವನ್ನು ಬೆಲೆ ಏರಲಿ ಎಂದು ಕಾಯ್ದು ಬೆಳಿಗ್ಗೆ ಹಾಕುವ ಅಧಿಕಾರ ಯಾವ ಸಿಬ್ಬಂದಿಗೂ ಇರಬಾರದು. ಎರಡನೆಯದು, ಗ್ರಾಹಕನಿಗೆ ಕಳಿಸುವ ಕಾಂಟ್ರ್ಯಾಕ್ಟ್ ನೋಟಿನಲ್ಲಿ (ವಹಿವಾಟಿನ ವಿವರ ಚೀಟಿಯಲ್ಲಿ) ಟೋಕನ್ ರೂಪದ ಕಡಿತವನ್ನು ಮಾತ್ರ ತೋರಿಸುವುದು. ಆ ಟೋಕನ್ನಿನಿಂದ ಕೊನೆಗೆ ಎಷ್ಟು ರೂಪಾಯಿ ಬಂತು ಎಂಬುದೂ ಅದರಲ್ಲಿರಬೇಕು, ಏಕೆಂದರೆ ಗ್ರಾಹಕನ 26ಎಎಸ್‌ನಲ್ಲಿ, ಅಂದರೆ ಅವನ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿಯಲ್ಲಿ, ಕಾಣುವುದು ರೂಪಾಯಿಯೇ ಹೊರತು ಸೊಲಾನ ಅಲ್ಲ.

ಮೂರನೆಯ ಬಗೆ, ಕೇಂದ್ರವೇ ತನ್ನ ಒಡೆತನದ ಕ್ರಿಪ್ಟೊವನ್ನು ಗ್ರಾಹಕನಿಗೆ ಮಾರುವುದು. ಆಗ ಕಾನೂನಿನ ಪ್ರಕಾರ ಕಡಿತ ಮಾಡಬೇಕಾದವನು ಕೊಳ್ಳುವ ಗ್ರಾಹಕ. ಎದುರಿಗೆ ಯಾರ ಆಸ್ತಿ ಇದೆ ಎಂದು ಅವನಿಗೆ ಗೊತ್ತಾಗುವುದಿಲ್ಲವಾದ್ದರಿಂದ, ಕೇಂದ್ರವು ಗ್ರಾಹಕನೊಡನೆ ಅಥವಾ ಅವನ ಬ್ರೋಕರ್‌ನೊಡನೆ ಲಿಖಿತ ಒಪ್ಪಂದ ಮಾಡಿಕೊಂಡು ತಾನೇ ತೆರಿಗೆ ಕಟ್ಟಬಹುದು. ಇದಕ್ಕೆ ನಮೂನೆ 26ಕ್ಯೂಎಫ್‌ನಲ್ಲಿ ತ್ರೈಮಾಸಿಕ ವಿವರಪಟ್ಟಿ ಸಲ್ಲಿಸಬೇಕು, ಸಂಸ್ಥೆಯ ಆದಾಯ ತೆರಿಗೆ ರಿಟರ್ನಿನಲ್ಲೂ ಆ ವಹಿವಾಟುಗಳೆಲ್ಲ ಸೇರಿರಬೇಕು. ಈ ಒಪ್ಪಂದ ಬಳಕೆಯ ಷರತ್ತುಗಳ ಎಲ್ಲೋ ಮೂಲೆಯಲ್ಲಿ ಹುದುಗಿರದೆ, ಗ್ರಾಹಕ ಪ್ರತ್ಯೇಕವಾಗಿ ಒಪ್ಪಿಗೆ ಕೊಡುವಂತಿರಲಿ.

ಕೇಂದ್ರದ ಹೊರಗೆ, ಇಬ್ಬರು ನೇರವಾಗಿ ನಡೆಸುವ ವಹಿವಾಟಿಗೆ 2022ರ ಜೂನ್ 28ರ 14ನೇ ಸುತ್ತೋಲೆ ಅನ್ವಯವಾಗುತ್ತದೆ. ಅಲ್ಲಿ ಹೊಣೆ ಕೊಳ್ಳುವವನದು.

ಹಂತ 4: ಗಡಿಯಾರವನ್ನು ಸರಿಪಡಿಸಿ, ಪ್ರತಿದಿನ ತಾಳೆ ನೋಡಿ

ಆರಂಭದಲ್ಲಿ ಹೇಳಿದ ಐದೂವರೆ ಗಂಟೆಗಳ ಕಥೆ ಅಪರೂಪದ್ದಲ್ಲ. ತಂತ್ರಾಂಶದವರು ಗ್ರೀನಿಚ್ ಕಾಲಮಾನದಲ್ಲಿ ದಾಖಲಿಸುವುದು ಸರಿಯಾದ ಅಭ್ಯಾಸವೇ, ಅದನ್ನು ಬಿಡಿಸಬೇಕಾಗಿಲ್ಲ. ಪ್ರತಿ ವಹಿವಾಟಿನ ಸಾಲಿನಲ್ಲಿ ಭಾರತೀಯ ಕಾಲಮಾನದ ದಿನಾಂಕಕ್ಕೆ ಇನ್ನೊಂದು ಕಾಲಂ ಇಟ್ಟು, ತೆರಿಗೆಯ ಎಲ್ಲ ವರದಿಗಳೂ ಅದನ್ನೇ ಓದುವಂತೆ ಮಾಡಿ. ಗ್ರೀನಿಚ್ ಪ್ರಕಾರ ಮಾರ್ಚ್ 31ರ ರಾತ್ರಿ 8 ಗಂಟೆಗೆ ನಡೆದ ವಹಿವಾಟು ಮುಂಬೈಯಲ್ಲಿ ಏಪ್ರಿಲ್ 1ರ ನಸುಕಿನ ಒಂದೂವರೆಗೆ ನಡೆದದ್ದು. ಅಲ್ಲಿ ಹಣಕಾಸು ವರ್ಷವೇ ಬೇರೆ, ಚಲನಿನ ಗಡುವೂ ಬೇರೆ, ಗ್ರಾಹಕ ಅದನ್ನು ತೋರಿಸಬೇಕಾದ ರಿಟರ್ನೂ ಬೇರೆ.

ತಾಳೆ ನೋಡುವ ಕೆಲಸವನ್ನು ನಾನು ಕಲಿತದ್ದು ಲೆಕ್ಕಪರಿಶೋಧನೆಯ ತರಬೇತಿಗಿಂತ ಮೊದಲು, ಮಾಟುಂಗದ ಹೋಟೆಲೊಂದರ ಗಲ್ಲೆಯ ಮೇಲೆ. ರಾತ್ರಿ ಬಾಗಿಲು ಎಳೆದ ಮೇಲೆ ಗಲ್ಲಾಪೆಟ್ಟಿಗೆಯ ನಗದು, ಬಿಲ್ ಪುಸ್ತಕದ ಒಟ್ಟು, ಅಡುಗೆಮನೆಯಿಂದ ಹೊರಬಂದ ತಟ್ಟೆಗಳ ಲೆಕ್ಕ, ಮೂರೂ ಕೂಡುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ವಿನಿಮಯ ಕೇಂದ್ರದಲ್ಲೂ ಮೂರು ಪುಸ್ತಕಗಳಿವೆ. ಆದೇಶ ಹೊಂದಿಸುವ ಎಂಜಿನ್ ದಾಖಲಿಸಿದ ವಹಿವಾಟು, ಬ್ಯಾಂಕ್ ಮತ್ತು ವಾಲೆಟ್‌ಗಳಲ್ಲಿನ ನಿಜವಾದ ಚಲನೆ, ತೆರಿಗೆ ಖಾತೆಯಲ್ಲಿ ಜಮೆಯಾದ ಮೊತ್ತ. ಇವು ಪ್ರತಿದಿನ ಕೂಡಬೇಕು. ವ್ಯತ್ಯಾಸ ಸಣ್ಣದಿದ್ದರೂ ಅದಕ್ಕೆ ಕಾರಣ ಬರೆಯಿರಿ: ದಶಮಾಂಶದ ಕತ್ತರಿಸುವಿಕೆ, ರದ್ದಾದ ಆದೇಶ, ಅರ್ಧ ಪೂರೈಸಿದ ಆದೇಶ ಹೀಗೆ. ಎಂಟು ದಶಮಾಂಶ ಸ್ಥಾನಗಳಲ್ಲಿ ಲೆಕ್ಕವಾಗುವ ಟೋಕನ್ನನ್ನು ಎರಡು ಸ್ಥಾನದ ರೂಪಾಯಿಗೆ ತರುವಾಗ ಪೈಸೆಗಳು ಎಲ್ಲಿ ಉದುರುತ್ತವೆ ಎಂಬ ನಿಯಮ ಲಿಖಿತವಾಗಿರಬೇಕು, ಎಲ್ಲ ಕಡೆ ಒಂದೇ ಆಗಿರಬೇಕು.

ಹಂತ 5: ಚಲನ್, ವಿವರಪಟ್ಟಿ, ಪ್ರಮಾಣಪತ್ರ

ತಾಳೆ ಸರಿಯಾಗಿದ್ದರೆ ಈ ಹಂತ ಬಹುತೇಕ ಯಾಂತ್ರಿಕ. ತಿಂಗಳ ಕಡಿತವನ್ನು ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು, ಮಾರ್ಚ್ ತಿಂಗಳದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಸಮಯವಿದೆ. ಕೇಂದ್ರವು ಕಡಿತ ಮಾಡಿದ್ದಕ್ಕೆ ನಮೂನೆ 26ಕ್ಯೂ, ತನ್ನದೇ ಆಸ್ತಿ ಮಾರಿ ತೆರಿಗೆ ಕಟ್ಟಿದ್ದಕ್ಕೆ 26ಕ್ಯೂಎಫ್. ನಾಲ್ಕು ತ್ರೈಮಾಸಿಕಗಳ ಗಡುವು ಜುಲೈ 31, ಅಕ್ಟೋಬರ್ 31, ಜನವರಿ 31 ಮತ್ತು ಮೇ 31. ವಿವರಪಟ್ಟಿಯ ಗಡುವು ಮುಗಿದ ಹದಿನೈದು ದಿನಗಳೊಳಗೆ ಗ್ರಾಹಕರಿಗೆ ನಮೂನೆ 16ಎ ಸಿಗಬೇಕು.

ಕಡಿತ ಮಾಡದೆ ಹೋದರೆ ತಿಂಗಳಿಗೆ ಶೇಕಡಾ 1, ಕಡಿತ ಮಾಡಿಯೂ ಕಟ್ಟದೆ ಹೋದರೆ ಶೇಕಡಾ 1.5ರ ಬಡ್ಡಿ. ವಿವರಪಟ್ಟಿ ತಡವಾದರೆ ಸೆಕ್ಷನ್ 234ಇ ಅಡಿ ದಿನಕ್ಕೆ 200 ರೂಪಾಯಿ ಶುಲ್ಕ. ಸಲ್ಲಿಸದಿದ್ದರೆ ಅಥವಾ ತಪ್ಪು ವಿವರ ಕೊಟ್ಟರೆ 271ಎಚ್ ಅಡಿ 10,000ದಿಂದ 1 ಲಕ್ಷ ರೂಪಾಯಿಯವರೆಗೆ ದಂಡ. ಕಡಿತ ಮಾಡಿದ ಹಣವನ್ನು ಸರ್ಕಾರಕ್ಕೆ ಕಟ್ಟದೆ ಉಳಿಸಿಕೊಳ್ಳುವುದು ಬೇರೆಯೇ ಮಟ್ಟದ ಅಪರಾಧ, ಅದಕ್ಕೆ 276ಬಿ ಅಡಿ ಜೈಲಿನ ದಾರಿಯೂ ಇದೆ. ವ್ಯವಹಾರ ಮಂದವಾದಾಗ ತೆರಿಗೆಯ ಹಣವನ್ನು ಸಂಬಳಕ್ಕೆ ತಾತ್ಕಾಲಿಕವಾಗಿ ಬಳಸೋಣ ಎಂಬ ಮಾತು ಆಡಳಿತ ಮಂಡಳಿಯಲ್ಲಿ ಬಂದರೆ, ಅಲ್ಲೇ ಲಿಖಿತ ಆಕ್ಷೇಪ ದಾಖಲಿಸಿ.

ಮುಂಬೈಯವರಿಗೆ ಇನ್ನೊಂದು ಸೂಚನೆ. ಮೊದಲ ತ್ರೈಮಾಸಿಕದ ಗಡುವು ಬರುವುದೇ ಮಳೆ ಜೋರಾಗಿರುವ ಜುಲೈ ಕೊನೆಯ ವಾರದಲ್ಲಿ. ಲಕ್ಷಾಂತರ ಸಾಲುಗಳ ಕಡತ ಪರಿಶೀಲನಾ ತಂತ್ರಾಂಶದಲ್ಲಿ ಒಂದು ತಪ್ಪು ಪ್ಯಾನಿಗೆ ಸಿಕ್ಕಿ ತಿರಸ್ಕೃತವಾದ ದಿನವೇ ಲೋಕಲ್ ರೈಲು ಕುರ್ಲಾದಲ್ಲಿ ನಿಂತು, ಡಿಜಿಟಲ್ ಸಹಿಯ ಟೋಕನ್ ಇಟ್ಟುಕೊಂಡ ನಿರ್ದೇಶಕರು ಡೊಂಬಿವಲಿಯಿಂದ ಹೊರಡಲಾಗದೆ ಕುಳಿತದ್ದನ್ನು ನೋಡಿದವನು ನಾನು. ಜುಲೈ 20ನ್ನೇ ನಿಮ್ಮ ಒಳಗಿನ ಗಡುವಾಗಿ ಇಟ್ಟುಕೊಳ್ಳಿ, ಅಧಿಕೃತ ಸಹಿದಾರರು ಇಬ್ಬರಿರಲಿ.

ಹಂತ 6: ಗ್ರಾಹಕನಿಗೆ ಅರ್ಥವಾಗುವ ವಾರ್ಷಿಕ ಪಟ್ಟಿ ಕೊಡಿ

ರಿಟರ್ನಿನ ವಿಡಿಎ ಅನುಸೂಚಿಯಲ್ಲಿ ಗ್ರಾಹಕ ಪ್ರತಿ ವಹಿವಾಟಿಗೂ ಕೊಂಡ ದಿನ, ಮಾರಿದ ದಿನ, ಕೊಂಡ ಬೆಲೆ, ಮಾರಿದ ಬೆಲೆ ತುಂಬಬೇಕು. ಆ ಕ್ರಮದಲ್ಲೇ ನಿಮ್ಮ ಪಟ್ಟಿ ಇರಲಿ. ನಷ್ಟವನ್ನು ಲಾಭದಿಂದ ಕಳೆದು ನಿವ್ವಳ ಮೊತ್ತ ತೋರಿಸುವ ಪಟ್ಟಿಗಳನ್ನು ಕೆಲವು ಆ್ಯಪ್‌ಗಳು ಕೊಡುತ್ತವೆ. ಇದು ಗ್ರಾಹಕನನ್ನು ದಾರಿ ತಪ್ಪಿಸುತ್ತದೆ. 115ಬಿಬಿಎಚ್ ಪ್ರಕಾರ ಕೊಂಡ ಬೆಲೆಯ ಹೊರತು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ, ಒಂದು ಕ್ರಿಪ್ಟೊದ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಬಿಟ್‌ಕಾಯಿನ್‌ನಲ್ಲಿ 60,000 ಲಾಭ, ಈಥರ್‌ನಲ್ಲಿ 50,000 ನಷ್ಟ ಆದವನಿಗೆ ತೆರಿಗೆ ಬೀಳುವುದು 10,000ದ ಮೇಲಲ್ಲ, ಪೂರ್ತಿ 60,000ದ ಮೇಲೆ. 18,000 ರೂಪಾಯಿ, ಅದರ ಮೇಲೆ ಶೇಕಡಾ 4ರ ಸೆಸ್. ನ್ಯಾಯವೇ ಎಂದು ಗ್ರಾಹಕ ಕೇಳಿದರೆ ನನ್ನ ಬಳಿಯೂ ಉತ್ತರವಿಲ್ಲ, ಆದರೆ ಪಟ್ಟಿ ಕಾನೂನಿನಂತೆಯೇ ಇರಬೇಕು.

ಹಂತ 7: ಜಿಎಸ್‌ಟಿ ಮತ್ತು ಸಂಸ್ಥೆಯ ಸ್ವಂತ ಲೆಕ್ಕ

ಕೇಂದ್ರದ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ. ನೋಂದಣಿಯಿಲ್ಲದ ಗ್ರಾಹಕನ ವಿಳಾಸ ದಾಖಲೆಯಲ್ಲಿದ್ದರೆ ಆ ವಿಳಾಸವೇ ಪೂರೈಕೆಯ ಸ್ಥಳ. ಮುಂಬೈಯ ಕೇಂದ್ರಕ್ಕೆ ಪುಣೆಯ ಗ್ರಾಹಕನಾದರೆ ಕೇಂದ್ರ ಸರ್ಕಾರದ ಮತ್ತು ಮಹಾರಾಷ್ಟ್ರದ ಜಿಎಸ್‌ಟಿ ಅರ್ಧರ್ಧ, ಮಡಗಾಂವ್ ಅಥವಾ ಹುಬ್ಬಳ್ಳಿಯವನಾದರೆ ಐಜಿಎಸ್‌ಟಿ, ಅಂದರೆ ಅಂತರರಾಜ್ಯ ಜಿಎಸ್‌ಟಿ. ಶುಲ್ಕವನ್ನು ಟೋಕನ್ನಿನಲ್ಲಿ ಪಡೆದರೂ ಅದು ಶುಲ್ಕವೇ. 2021ರ ಡಿಸೆಂಬರ್‌ನಲ್ಲಿ ಮುಂಬೈ ಪೂರ್ವ ಸಿಜಿಎಸ್‌ಟಿ ಆಯುಕ್ತಾಲಯ ಒಂದು ದೊಡ್ಡ ಕೇಂದ್ರದಿಂದ ಬಡ್ಡಿ, ದಂಡ ಸೇರಿ 49.20 ಕೋಟಿ ರೂಪಾಯಿ ವಸೂಲಿ ಮಾಡಿದ್ದು ಈ ಒಂದು ಅಂಶದ ಮೇಲೆಯೇ: ರೂಪಾಯಿಯ ಶುಲ್ಕಕ್ಕೆ ತೆರಿಗೆ ಕಟ್ಟಿ, ಸ್ವಂತ ಟೋಕನ್ನಿನಲ್ಲಿ ಪಡೆದ ಶುಲ್ಕಕ್ಕೆ ಕಟ್ಟಿರಲಿಲ್ಲ. ಟೋಕನ್ ಪಡೆದ ಕ್ಷಣದ ರೂಪಾಯಿ ಬೆಲೆಯನ್ನು ವಹಿವಾಟಿನ ಸಾಲಿನಲ್ಲೇ ಬರೆದಿಟ್ಟರೆ ಈ ಸಮಸ್ಯೆ ಬರುವುದಿಲ್ಲ.

ಕಂಪನಿ ಕಾಯ್ದೆಯ 3ನೇ ಅನುಸೂಚಿಯ ಪ್ರಕಾರ 2021ರ ಏಪ್ರಿಲ್ 1ರಿಂದ ಬ್ಯಾಲೆನ್ಸ್ ಶೀಟಿನ ಟಿಪ್ಪಣಿಗಳಲ್ಲಿ ಕ್ರಿಪ್ಟೊ ವಹಿವಾಟಿನ ಲಾಭನಷ್ಟ, ವರ್ಷಾಂತ್ಯದಲ್ಲಿ ಕೈಯಲ್ಲಿರುವ ಮೊತ್ತ, ವಹಿವಾಟಿಗಾಗಿ ಇತರರಿಂದ ಪಡೆದ ಠೇವಣಿ ಮುಂಗಡ ಇವನ್ನೂ ತೋರಿಸಬೇಕು. ಗ್ರಾಹಕರ ಆಸ್ತಿಯೂ ಸಂಸ್ಥೆಯ ಆಸ್ತಿಯೂ ಬೇರೆ ಬೇರೆ ವಾಲೆಟ್‌ಗಳಲ್ಲಿ ಇಲ್ಲದಿದ್ದರೆ ಈ ಟಿಪ್ಪಣಿಯನ್ನು ಪ್ರಾಮಾಣಿಕವಾಗಿ ಬರೆಯಲು ಸಾಧ್ಯವೇ ಇಲ್ಲ.

ಹಂತ 8: ಗುಪ್ತಚರ ಘಟಕಕ್ಕೂ ಕ್ರಿಪ್ಟೊ ಆಸ್ತಿಯ ಹೊಸ ವರದಿಗೂ ಒಂದೇ ದತ್ತಾಂಶ

2023ರ ಮಾರ್ಚ್ 7ರ ಅಧಿಸೂಚನೆಯಿಂದ ವಿಡಿಎ ಸೇವೆ ಕೊಡುವವರು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ವರದಿ ಮಾಡುವ ಸಂಸ್ಥೆಗಳಾದರು. ಪ್ರಧಾನ ಅಧಿಕಾರಿಯ ನೇಮಕ, ಶಂಕಾಸ್ಪದ ವಹಿವಾಟಿನ ವರದಿ, ಐದು ವರ್ಷಗಳ ದಾಖಲೆ ಎಲ್ಲವೂ ಅದರಿಂದ ಬಂದವು. ಕಚೇರಿ ಹೊರದೇಶದಲ್ಲಿದೆ ಎಂಬುದು ತಪ್ಪಿಸಿಕೊಳ್ಳುವ ದಾರಿಯಲ್ಲ: 2023ರ ಡಿಸೆಂಬರ್ 28ರಂದು ಒಂಬತ್ತು ವಿದೇಶಿ ಕೇಂದ್ರಗಳಿಗೆ ನೋಟಿಸ್ ಹೋಯಿತು, 2024ರ ಜೂನ್‌ನಲ್ಲಿ ಬೈನಾನ್ಸ್ ಮೇಲೆ 18.82 ಕೋಟಿ ರೂಪಾಯಿ ದಂಡ ಬಿತ್ತು.

2025ರ ಹಣಕಾಸು ಕಾಯ್ದೆ ಸೆಕ್ಷನ್ 285ಬಿಎಎ ತಂದಿತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅದು ಸೆಕ್ಷನ್ 509. ಟಿಡಿಎಸ್ ವಿವರಪಟ್ಟಿಗೂ ಇದಕ್ಕೂ ವ್ಯತ್ಯಾಸವಿದೆ. ಟಿಡಿಎಸ್‌ನಲ್ಲಿ ಮಾರಿದವನ ಲೆಕ್ಕ ಮಾತ್ರ ಕಾಣುತ್ತದೆ, ಇಲ್ಲಿ ಕ್ರಿಪ್ಟೊ ಆಸ್ತಿಯ ವಹಿವಾಟಿನ ಮಾಹಿತಿಯನ್ನೇ ಕೊಡಬೇಕು. ಇದರ ಹಿಂದಿರುವುದು ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ರೂಪಿಸಿದ ಕ್ರಿಪ್ಟೊ ಆಸ್ತಿ ವರದಿಯ ಅಂತರರಾಷ್ಟ್ರೀಯ ಚೌಕಟ್ಟು. ಆ ಚೌಕಟ್ಟು ಪ್ರತಿ ಆಸ್ತಿಗೂ ಪ್ರತ್ಯೇಕವಾಗಿ ಒಟ್ಟು ಮೊತ್ತ, ಒಟ್ಟು ಘಟಕಗಳು, ವಹಿವಾಟುಗಳ ಸಂಖ್ಯೆ ಕೇಳುತ್ತದೆ. ರೂಪಾಯಿಯಂಥ ಹಣಕ್ಕೆ ಆದ ವಿನಿಮಯ, ಕ್ರಿಪ್ಟೊಗಳ ನಡುವಿನ ವಿನಿಮಯ, ಹೊರಗಿನ ವಾಲೆಟ್ಟಿಗೆ ಆದ ವರ್ಗಾವಣೆ ಇವನ್ನು ಬೇರೆ ಬೇರೆಯಾಗಿ ತೋರಿಸಬೇಕು. ಗ್ರಾಹಕ ಯಾವ ದೇಶದ ತೆರಿಗೆ ನಿವಾಸಿ ಎಂಬ ಸ್ವಯಂ ಘೋಷಣೆಯೂ, ಕಂಪನಿ ಖಾತೆಯಾದರೆ ಅದನ್ನು ನಿಯಂತ್ರಿಸುವ ವ್ಯಕ್ತಿಗಳ ವಿವರವೂ ಬೇಕು. ಎರಡನೆಯ ಹಂತದಲ್ಲಿ ನಿವಾಸದ ಕಾಲಂ ಮೇಲೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕಾಗಿ. ಸಲ್ಲಿಸಿದ ಪಟ್ಟಿಯಲ್ಲಿ ದೋಷವಿದೆ ಎಂದು ಇಲಾಖೆ ತಿಳಿಸಿದರೆ ಸರಿಪಡಿಸಲು 30 ದಿನ, ತಪ್ಪು ನಿಮಗೇ ಗೊತ್ತಾದರೆ ತಿಳಿಸಲು 10 ದಿನ. ವರದಿ ಕೊಡದವರಿಗೆ ದಿನಕ್ಕೆ 200 ರೂಪಾಯಿ, ತಪ್ಪು ಮಾಹಿತಿ ಕೊಟ್ಟು ತಿದ್ದದವರಿಗೆ 50,000 ರೂಪಾಯಿ ದಂಡವನ್ನು 2026ರ ಬಜೆಟ್ ಪ್ರಸ್ತಾಪಿಸಿತು.

ಹಂತ 9: ಹೊಸ ಕಾಯ್ದೆಯ ಸಂಖ್ಯೆಗಳಿಗೆ ತಂತ್ರಾಂಶವನ್ನು ಸಜ್ಜುಗೊಳಿಸಿ

ಹೊಸ ಕಾಯ್ದೆಯಲ್ಲಿ ಸಂಬಳದ್ದನ್ನು ಬಿಟ್ಟು ಉಳಿದ ಟಿಡಿಎಸ್ ದರಗಳು ಸೆಕ್ಷನ್ 393ರ ಕೋಷ್ಟಕಗಳಿಗೆ ಹೋಗಿವೆ. ಶೇಕಡಾ 30ರ ತೆರಿಗೆ ಬಂದು ಕೂತಿರುವುದು ಸೆಕ್ಷನ್ 194ರಲ್ಲಿ. ಹಳೆಯ 194ಎಸ್ ಟಿಡಿಎಸ್, ಹೊಸ 194 ತೆರಿಗೆ ದರ. ಕಾನೂನು ಬರೆದವರಿಗೆ ಇದು ಕಾಕತಾಳೀಯವಾಗಿರಬಹುದು, ಇಪ್ಪತ್ತು ವರ್ಷ 194 ಎಂದರೆ ಕಡಿತ ಎಂದುಕೊಂಡು ಬಂದ ನಮ್ಮಂಥವರಿಗೆ ದಿನಕ್ಕೊಮ್ಮೆ ಮುಗ್ಗರಿಸುವ ಕಲ್ಲು. ಆದ್ದರಿಂದ ಸೆಕ್ಷನ್ ಸಂಖ್ಯೆ, ನಮೂನೆ ಸಂಖ್ಯೆ, ದರ ಇವನ್ನು ತಂತ್ರಾಂಶದ ಒಳಗೆ ನೇರವಾಗಿ ಬರೆಯಿಸಬೇಡಿ. ಯಾವ ದಿನದಿಂದ ಯಾವ ದಿನದವರೆಗೆ ಯಾವುದು ಅನ್ವಯ ಎಂಬ ಪ್ರತ್ಯೇಕ ಕೋಷ್ಟಕದಲ್ಲಿಡಿ. 2026ರ ಮಾರ್ಚ್ 31ರ ವಹಿವಾಟಿಗೆ ಹಳೆಯ ಕಾಯ್ದೆ, ಮರುದಿನದ್ದಕ್ಕೆ ಹೊಸದು. ಹಳೆಯ ತ್ರೈಮಾಸಿಕಗಳ ತಿದ್ದುಪಡಿ ವಿವರಪಟ್ಟಿಗಳು ಇನ್ನೂ ಕೆಲ ಕಾಲ ನಿಮ್ಮ ಮೇಜಿನ ಮೇಲೆ ಇರುತ್ತವೆ. ಹೊಸ ಕಾಯ್ದೆ ತಿದ್ದುಪಡಿಗೆ ಕೊಡುವ ಕಾಲಾವಕಾಶ ಎರಡೇ ವರ್ಷ, ಆದ್ದರಿಂದ ಹಳೆಯ ತಪ್ಪುಗಳನ್ನು ಮುಂದೂಡುತ್ತ ಹೋಗುವಂತಿಲ್ಲ.

ಪ್ರತಿ ತ್ರೈಮಾಸಿಕದ ವಿವರಪಟ್ಟಿ ಸಲ್ಲಿಸಿದ ಮರುವಾರ ಒಂದು ಪರೀಕ್ಷೆ ಮಾಡಿ. ಆ ತಂಡದಲ್ಲಿಲ್ಲದ ಒಬ್ಬರಿಂದ ಯಾವುದಾದರೂ ಹತ್ತು ವಹಿವಾಟಿನ ಸಂಖ್ಯೆಗಳನ್ನು ಆರಿಸಿ, ಪ್ರತಿಯೊಂದನ್ನೂ ಗ್ರಾಹಕನ ಪ್ಯಾನ್, ಕಡಿತದ ಮೊತ್ತ, ಟೋಕನ್ನಾದರೆ ಮಧ್ಯರಾತ್ರಿಯ ಪರಿವರ್ತನೆಯ ಆದೇಶ, ಚಲನಿನ ಸಂಖ್ಯೆ, ವಿವರಪಟ್ಟಿಯ ಸಾಲು, ಕೊನೆಗೆ 16ಎ ಪ್ರಮಾಣಪತ್ರದವರೆಗೆ ಹಿಂಬಾಲಿಸಿ. ಒಂದು ವಹಿವಾಟಿಗೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿದರೆ ಎಲ್ಲಿ ತಡವಾಯಿತೆಂದು ಗುರುತು ಹಾಕಿಕೊಂಡು, ಮುಂದಿನ ಚಲನಿನ 7ನೇ ತಾರೀಖಿನೊಳಗೆ ಆ ಕೊಂಡಿಯನ್ನು ಸರಿಪಡಿಸಿ.